ಮೂರು ಗಂಟೆ ದಾಟಿದರೆ ಎಲ್ಲದಕ್ಕೂ ‘ಹೂಂ’ ಎನ್ನುತ್ತೇನೆ. ಈ ಹುದ್ದೆಗೆ ನಾನು ತಕ್ಕವಳಲ್ಲವೇ?

ಪ್ರಶ್ನೆ: ನನಗೆ 43 ವರ್ಷ. ದೊಡ್ಡಬಳ್ಳಾಪುರದ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದೇನೆ. ಹೊಲಿದ ಬಟ್ಟೆ ಪರೀಕ್ಷಿಸುವ ಚೆಕರ್ ಆಗಿ ಸೇರಿದವಳು ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್ ಆಗಿ ಎರಡು ವರ್ಷದ ಹಿಂದೆ ಈ ಕುರ್ಚಿಗೆ ಬಂದೆ. ಎಂಟು ಲೈನ್ (ಹೊಲಿಗೆಯ ಸಾಲು), ನಾನೂರು ಚಿಲ್ಲರೆ ಜನ. ಬೆಳಿಗ್ಗೆ ಫ್ಲೋರಿಗೆ ಕಾಲಿಟ್ಟ ಕ್ಷಣದಿಂದ ‘ಮೇಡಂ, ಇದಕ್ಕೇನು ಮಾಡಲಿ’ ಶುರುವಾಗುತ್ತದೆ. ರಜೆ, ಮುಂಗಡ, ಕೆಟ್ಟ ಮಷೀನು, ಹೊಂದದ ದಾರ, ಓಟಿ, ಟಾರ್ಗೆಟ್, ಇಬ್ಬರು ಟೈಲರ್‌ಗಳ ಜಗಳ. ಮಧ್ಯಾಹ್ನದವರೆಗೆ ಚುರುಕಾಗಿರುತ್ತೇನೆ. ಮೂರು ಗಂಟೆ ದಾಟಿತೆಂದರೆ ತಲೆ ಮಂಕಾಗಿ, ಯಾರು ಏನು ಕೇಳಿದರೂ ‘ಹೂಂ, ಮಾಡಿ’ ಎಂದುಬಿಡುತ್ತೇನೆ. ಕಳೆದ ತಿಂಗಳು ಸಂಜೆ ಆರೂವರೆಗೆ ಕಟಿಂಗ್ ಇನ್‌ಚಾರ್ಜ್ ಬಂದು, ಎರಡು ಲಾಟ್‌ಗಳ (ಬೇರೆ ಬೇರೆ ಸಲ ಬಣ್ಣ ಹಾಕಿದ ಕಂತುಗಳ) ಬಟ್ಟೆಯನ್ನು ಒಟ್ಟಿಗೆ ಹಾಸಿ ಕತ್ತರಿಸಬಹುದೇ ಎಂದು ಕೇಳಿದರು. ತುಂಡನ್ನು ಮೇಲಿಂದ ಮೇಲೆ ನೋಡಿ ಸಹಿ ಹಾಕಿದೆ. ಯಾವ ತುಂಡು ಯಾವ ಪದರದ್ದೆಂದು ಗುರುತಿಸುವ ನಂಬರಿಂಗ್ ಬೆರೆತುಹೋಗಿ, ಹೊಲಿದ ಮೇಲೆ ನೋಡಿದರೆ ಮುಂಭಾಗ ಒಂದು ಶೇಡ್, ತೋಳು ಇನ್ನೊಂದು ಶೇಡ್. ದೊಡ್ಡ ನಷ್ಟವಾಯಿತು. ಆ ರಾತ್ರಿ ಮಗಳು ‘ಚಪಾತಿಯೋ ಅನ್ನವೋ’ ಎಂದು ಕೇಳಿದ್ದಕ್ಕೆ ಅವಳ ಮೇಲೆ ರೇಗಾಡಿಬಿಟ್ಟೆ. ಮನುಷ್ಯ ದಿನಕ್ಕೆ 35,000 ನಿರ್ಧಾರ ಮಾಡುತ್ತಾನೆ, ಮಾಡಿದಷ್ಟೂ ಮನಸ್ಸಿನ ಶಕ್ತಿ ಖಾಲಿಯಾಗುತ್ತದೆ, ಸಿಹಿ ತಿಂದರೆ ಮರಳಿ ಬರುತ್ತದೆ, ದೊಡ್ಡ ನಾಯಕರು ಅದಕ್ಕೇ ದಿನವೂ ಒಂದೇ ಬಣ್ಣದ ಬಟ್ಟೆ ಹಾಕುತ್ತಾರೆ ಎಂದೆಲ್ಲ ಮೊಬೈಲ್‌ನಲ್ಲಿ ಓದಿದೆ. ಸಿಹಿ ತಿಂದು ತೂಕ ಹೆಚ್ಚಿದ್ದಷ್ಟೇ ಬಂತು. ಮತ್ತೆ ಫ್ಲೋರ್ ಇನ್‌ಚಾರ್ಜ್ ಕೆಲಸಕ್ಕೇ ಹೋಗಿಬಿಡಲೇ?

ಉತ್ತರ: ನಿಮ್ಮ ಭಯವನ್ನು ಮೊದಲು ನನ್ನ ಮಾತಿನಲ್ಲಿ ಹೇಳಿಬಿಡುತ್ತೇನೆ. ತಲೆಯೊಳಗೆ ದಿನಕ್ಕಿಷ್ಟು ಎಂದು ಅಳೆದು ಕೊಟ್ಟ ಶಕ್ತಿಯೊಂದಿದೆ, ನನ್ನದು ಉಳಿದ ಮ್ಯಾನೇಜರ್‌ಗಳದಕ್ಕಿಂತ ಬೇಗ ಮುಗಿಯುತ್ತದೆ, ಆದ್ದರಿಂದ ನಾನು ಈ ಕುರ್ಚಿಗೆ ಹುಟ್ಟಿದವಳಲ್ಲ ಎಂದು ನೀವು ತೀರ್ಮಾನಿಸಿಕೊಳ್ಳುತ್ತಿದ್ದೀರಿ. ನಿಮ್ಮ ದಣಿವು ನಿಜ. ಅದಕ್ಕೆ ನೀವು ಕೊಟ್ಟುಕೊಂಡಿರುವ ಕಾರಣ ಮಾತ್ರ ಬಹುಪಾಲು ಸುಳ್ಳು. ಕಾರ್ಖಾನೆ, ಆಸ್ಪತ್ರೆ, ಬ್ಯಾಂಕುಗಳಲ್ಲಿ ಜನರನ್ನು ನಡೆಸುವವರ ಜೊತೆ ಕೂತು ಮಾತಾಡುವುದೇ ನನ್ನ ವೃತ್ತಿ. ನಿಮ್ಮಂತೆ ಕೆಳಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದವರಲ್ಲಿ ಈ ದೂರು ನನಗೆ ಹೆಚ್ಚಾಗಿ ಕೇಳಿಸುತ್ತದೆ. ಅದಕ್ಕೊಂದು ಕಾರಣವೂ ಇದೆ, ಆಮೇಲೆ ಹೇಳುತ್ತೇನೆ.

35,000 ಎಂಬ ಸಂಖ್ಯೆಯನ್ನು ತಲೆಯಿಂದ ತೆಗೆದುಹಾಕಿ. ಎಡಗಾಲು ಮೊದಲು ಇಡುವುದೂ ಒಂದು ನಿರ್ಧಾರ, ಒಬ್ಬರನ್ನು ಕೆಲಸದಿಂದ ತೆಗೆಯುವುದೂ ಒಂದು ನಿರ್ಧಾರ ಎಂದು ಕೂಡಿಸುತ್ತಾ ಹೋದರೆ ಬೇಕಾದ ಮೊತ್ತ ಬರುತ್ತದೆ. ಇದನ್ನು ಎಲ್ಲೆಲ್ಲೂ ಹಂಚುವವರು ಎಣಿಸಿದವರು ಯಾರು, ಹೇಗೆ ಎಣಿಸಿದರು ಎಂದು ಹೇಳುವುದಿಲ್ಲ.

ಶಕ್ತಿ ಖಾಲಿಯಾಗುತ್ತದೆ ಎಂಬ ಕಲ್ಪನೆಗೆ ಮಾತ್ರ ಗೌರವಾನ್ವಿತ ಇತಿಹಾಸವೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಆಗತಾನೇ ಬೇಯಿಸಿದ ಚಾಕೊಲೇಟ್ ಬಿಸ್ಕತ್ತಿನ ಘಮ ತುಂಬಿದ ಕೋಣೆಯಲ್ಲಿ ಕೆಲವರಿಗೆ ಆ ಬಿಸ್ಕತ್ತು ಸಿಕ್ಕಿತು, ಕೆಲವರಿಗೆ ಬರಿಯ ಮೂಲಂಗಿ. ಆಸೆ ಅದುಮಿಕೊಂಡು ಮೂಲಂಗಿ ಜಗಿದವರು ಆಮೇಲೆ ಕೊಟ್ಟ ಬಿಡಿಸಲಾಗದ ಒಗಟನ್ನು ಬೇಗ ಕೈಬಿಟ್ಟರು. ಇಚ್ಛಾಶಕ್ತಿ ಬಳಸಿದಷ್ಟೂ ಕರಗುತ್ತದೆ ಎಂಬ ಮಾತು ಅಲ್ಲಿಂದ ಹೊರಟು ನಿಮ್ಮ ಮೊಬೈಲ್‌ವರೆಗೆ ಬಂದಿದೆ. ಬರುವ ದಾರಿಯಲ್ಲಿ ನಡೆದದ್ದನ್ನು ಮಾತ್ರ ಯಾರೂ ನಿಮಗೆ ತಿಳಿಸಲಿಲ್ಲ. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿ ಈ ಕಲ್ಪನೆಯನ್ನು ಒಂದೇ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ ಪರಿಣಾಮ ಸೊನ್ನೆಯ ಹತ್ತಿರ ಬಂದು ನಿಂತಿತು. 2021ರಲ್ಲಿ 36 ಪ್ರಯೋಗಾಲಯಗಳು ಸೇರಿ ನಡೆಸಿದ ಇನ್ನೊಂದು ಪರೀಕ್ಷೆಯಲ್ಲೂ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಸಿಹಿಯ ಕಥೆಯೂ ಹೀಗೆಯೇ. ಮನಸ್ಸನ್ನು ಬಿಗಿಹಿಡಿದರೆ ರಕ್ತದ ಸಕ್ಕರೆ ಇಳಿಯುತ್ತದೆ, ಸಕ್ಕರೆ ನೀರು ಕುಡಿದರೆ ಶಕ್ತಿ ಮರಳುತ್ತದೆ ಎಂದು 2007ರಲ್ಲಿ ಒಂದು ಅಧ್ಯಯನ ಹೇಳಿತು. ಸಕ್ಕರೆ ನೀರನ್ನು ಬಾಯಿ ಮುಕ್ಕಳಿಸಿ ಉಗಿದರೂ ಅದೇ ಲಾಭ ಕಾಣಿಸುತ್ತದೆ ಎಂದು ಕೆಲವೇ ವರ್ಷಗಳಲ್ಲಿ ಬೇರೆಯವರು ತೋರಿಸಿದರು. ನುಂಗದ ಸಕ್ಕರೆ ಮೆದುಳಿಗೆ ಇಂಧನವಾಗಲಾರದು. ಆದ್ದರಿಂದ ನಾಲ್ಕು ಗಂಟೆಯ ಸಿಹಿಯನ್ನು ಔಷಧಿ ಎಂದು ತಿನ್ನುವುದನ್ನು ಇವತ್ತೇ ನಿಲ್ಲಿಸಿ. ರುಚಿಗೆ ತಿನ್ನುವುದು ನಿಮ್ಮಿಷ್ಟ. ಮಧ್ಯಾಹ್ನದ ಊಟವನ್ನು ಬಿಟ್ಟು ಆ ಹಸಿವನ್ನು ಸಿಹಿಯಿಂದ ಮುಚ್ಚುತ್ತಿದ್ದೀರಾ ಎಂಬುದನ್ನು ಮಾತ್ರ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಫ್ಲೋರಿನಲ್ಲಿ ನಾನು ಕಂಡ ಎಷ್ಟೋ ಇನ್‌ಚಾರ್ಜ್‌ಗಳ ಬುತ್ತಿ ಸಂಜೆಗೆ ಮುಚ್ಚಳ ತೆಗೆಯದೆ ಮನೆಗೆ ಮರಳುತ್ತದೆ.

ಬಟ್ಟೆಯ ವಿಷಯ. ತಾನು ಬೂದು ಅಥವಾ ನೀಲಿ ಸೂಟ್ ಮಾತ್ರ ಹಾಕುತ್ತೇನೆ, ಏನು ತಿನ್ನಬೇಕು, ಏನು ಉಡಬೇಕು ಎಂಬ ನಿರ್ಧಾರಗಳನ್ನು ಕಡಿಮೆ ಮಾಡಿಕೊಳ್ಳುತ್ತೇನೆ ಎಂದು ಬರಾಕ್ ಒಬಾಮ 2012ರ ಒಂದು ಸಂದರ್ಶನದಲ್ಲಿ ಹೇಳಿದ್ದು ನಿಜ. ಅವರ ಸೂಟನ್ನು ಇಸ್ತ್ರಿ ಮಾಡಲು, ಅಡುಗೆ ಮಾಡಲು, ಯಾರನ್ನು ಒಳಗೆ ಬಿಡಬೇಕೆಂದು ಬಾಗಿಲಲ್ಲೇ ತೀರ್ಮಾನಿಸಲು ಒಂದು ದಂಡೇ ಇತ್ತು ಎಂಬುದು ಆ ಕಥೆಯಲ್ಲಿ ಬರುವುದಿಲ್ಲ. ಬೆಳಿಗ್ಗೆ ಸೀರೆ ಆರಿಸುವುದು ನಿಮಗೆ ಸಂತೋಷ ಕೊಡುತ್ತಿದ್ದರೆ ದಯವಿಟ್ಟು ಅದನ್ನು ಬಿಡಬೇಡಿ. ನಿಮ್ಮ ದಿನದಲ್ಲಿ ನಿಮಗಾಗಿಯೇ ಮಾಡುವ ನಿರ್ಧಾರ ಬಹುಶಃ ಅದೊಂದೇ.

ಹಾಗಾದರೆ ನಿಜವಾದದ್ದು ಏನು? ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಪರಿಹಾರ ಇದರೊಳಗೇ ಇದೆ.

ಇಸ್ರೇಲಿನ ಎಂಟು ನ್ಯಾಯಾಧೀಶರು ಪರೋಲ್ ಅರ್ಜಿಗಳ ಮೇಲೆ ಕೊಟ್ಟ 1,112 ತೀರ್ಪುಗಳನ್ನು ಜೋಡಿಸಿ 2011ರಲ್ಲಿ ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ಪ್ರತಿ ಅವಧಿಯ ಆರಂಭದಲ್ಲಿ ಶೇ 65ರಷ್ಟು ಅರ್ಜಿಗಳಿಗೆ ಒಪ್ಪಿಗೆ ಸಿಗುತ್ತಿತ್ತು, ಬಿಡುವಿನ ಹೊತ್ತು ಹತ್ತಿರವಾದಂತೆ ಅದು ಸೊನ್ನೆಯ ಸಮೀಪಕ್ಕೆ ಇಳಿಯುತ್ತಿತ್ತು, ತಿಂಡಿ ತಿಂದು ಬಂದ ಮೇಲೆ ಮತ್ತೆ ಏರುತ್ತಿತ್ತು. ಹೊಟ್ಟೆ ಹಸಿದ ನ್ಯಾಯಾಧೀಶರ ಕಥೆ ಎಂದು ಇದು ಲೋಕವೆಲ್ಲ ಸುತ್ತಿತು. ನಾಯಕತ್ವದ ಉಪನ್ಯಾಸಗಳಲ್ಲಿ ಈಗಲೂ ಹೇಳುತ್ತಾರೆ. ಆದರೆ ಅರ್ಜಿಗಳು ಬರುತ್ತಿದ್ದ ಸರದಿ ಹೇಗೆಂದರೆ ಹಾಗೆ ಇರಲಿಲ್ಲ, ವಕೀಲರಿಲ್ಲದ ಕೈದಿಗಳು ಅವಧಿಯ ಕೊನೆಗೆ ಬರುತ್ತಿದ್ದರು ಎಂದು ಬೇರೆ ಸಂಶೋಧಕರು ತೋರಿಸಿದ ಮೇಲೆ ಆ ಅಂಕಿಗಳ ಕಾವು ಬಹಳ ಇಳಿದಿದೆ.

ಅಷ್ಟು ನಾಟಕೀಯವಲ್ಲದ, ಆದರೆ ಹೆಚ್ಚು ಗಟ್ಟಿಯಾದ ಸಂಗತಿಗಳು ಬೇರೆ ಇವೆ. ಅಮೆರಿಕದ ಚಿಕಿತ್ಸಾಲಯಗಳಲ್ಲಿ ಕೆಮ್ಮು, ನೆಗಡಿಯಂಥ ತೊಂದರೆಗಳಿಗಾಗಿ ಬಂದವರ ಇಪ್ಪತ್ತು ಸಾವಿರಕ್ಕೂ ಹೆಚ್ಚು ಭೇಟಿಗಳನ್ನು 2014ರಲ್ಲಿ ಪರಿಶೀಲಿಸಿದಾಗ, ಪಾಳಿಯ ಗಂಟೆಗಳು ಕಳೆದಂತೆ ವೈದ್ಯರು ಆಂಟಿಬಯಾಟಿಕ್ ಬರೆದುಕೊಡುವುದು ಹೆಚ್ಚಾಗುತ್ತಿತ್ತು. ಆಸ್ಪತ್ರೆಗಳಲ್ಲಿ 12 ಗಂಟೆಯ ಪಾಳಿಯ ಕೊನೆಗೆ ಸಿಬ್ಬಂದಿ ಕೈತೊಳೆಯುವುದು ಕಡಿಮೆಯಾಗುತ್ತಿತ್ತು ಎಂದು ಇನ್ನೊಂದು ಅಧ್ಯಯನ ಹೇಳಿದೆ. ಪ್ಯಾರಿಸ್‌ನಲ್ಲಿ 2022ರಲ್ಲಿ, ಆರು ಗಂಟೆಗೂ ಮೀರಿ ಕಠಿಣ ಬೌದ್ಧಿಕ ಕೆಲಸ ಮಾಡಿದವರ ಮೆದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚು ಶೇಖರವಾಗಿರುವುದು ಕಂಡುಬಂತು. ಅವರು ಕಾದು ಪಡೆಯುವ ದೊಡ್ಡ ಲಾಭಕ್ಕಿಂತ ಕೂಡಲೇ ಸಿಗುವ ಸಣ್ಣ ಲಾಭದ ಕಡೆ ವಾಲಿದರು. ಅದು ಚಿಕ್ಕ ಅಧ್ಯಯನ, ಅದರ ಮೇಲೆ ಮಹಲು ಕಟ್ಟುವುದು ಬೇಡ. ಆದರೂ ಇವೆಲ್ಲವೂ ಒಂದೇ ದಿಕ್ಕನ್ನು ತೋರಿಸುತ್ತವೆ. ದಣಿದವರು ಮೂರ್ಖರಾಗುವುದಿಲ್ಲ. ತಮ್ಮ ಮುಂದಿರುವ ದಾರಿಗಳಲ್ಲಿ ಕಡಿಮೆ ಶ್ರಮದ ದಾರಿಗೆ ವಾಲುತ್ತಾರೆ, ಅಷ್ಟೇ.

ಸುಲಭದ ದಾರಿ ಯಾವುದು ಎಂಬುದು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ. ಪರೋಲ್ ನ್ಯಾಯಾಧೀಶರಿಗೆ ‘ಇಲ್ಲ’ ಸುಲಭ, ಕೈದಿ ಇದ್ದಲ್ಲೇ ಇರುತ್ತಾನೆ. ವೈದ್ಯರಿಗೆ ಔಷಧಿ ಬರೆಯುವುದು ಸುಲಭ, ಬೇಡವೆಂದು ವಿವರಿಸಲು ಹತ್ತು ನಿಮಿಷ ಬೇಕು. ನಿಮ್ಮ ಫ್ಲೋರಿನಲ್ಲಿ? ಸಂಜೆ ಆರೂವರೆಗೆ ‘ಬೇಡ’ ಎಂದರೆ ಕಟಿಂಗ್ ನಿಲ್ಲಬೇಕು, ಫ್ಯಾಬ್ರಿಕ್ ಸ್ಟೋರ್‌ನವರನ್ನು ಕರೆಯಬೇಕು, ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್‌ಗೆ ಫೋನ್ ಮಾಡಬೇಕು, ನಾಳೆ ಲೈನಿಗೆ ಫೀಡಿಂಗ್ (ಹೊಲಿಯಲು ಕೊಡುವ ತುಂಡುಗಳು) ಏನು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕು. ‘ಹೂಂ’ ಎಂದರೆ ಒಂದು ಸಹಿ. ಆದ್ದರಿಂದ ನೀವು ಎತ್ತ ಕಡೆ ತಪ್ಪುತ್ತೀರಿ ಎಂಬುದು ಮೊದಲೇ ಗೊತ್ತಾಗುವಂಥದ್ದು. ಮೊದಲೇ ಗೊತ್ತಾಗುವ ತಪ್ಪಿಗೆ ಮೊದಲೇ ತಡೆ ಹಾಕಬಹುದು.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಆ ಸಂಜೆಯ ತಪ್ಪು ದಣಿವಿನದೇ ಎಂದು ಇಷ್ಟು ಖಚಿತವಾಗಿ ಒಪ್ಪಿಕೊಳ್ಳಬೇಡಿ. ಶೇಡ್ ನೋಡಬೇಕಾದದ್ದು ಲೈಟ್‌ಬಾಕ್ಸ್ ಎಂಬ ಬೆಳಕಿನ ಪೆಟ್ಟಿಗೆಯಲ್ಲಿ, ಗೊತ್ತುಪಡಿಸಿದ ಬೆಳಕಿನಲ್ಲಿ, ಒಪ್ಪಿಗೆಯಾದ ಶೇಡ್‌ಬ್ಯಾಂಡ್ (ಬಣ್ಣದ ಮಾದರಿ ತುಂಡುಗಳು) ಪಕ್ಕದಲ್ಲಿಟ್ಟುಕೊಂಡು. ಟ್ಯೂಬ್‌ಲೈಟಿನ ಕೆಳಗೆ ನಿಂತು ಕೈಯಲ್ಲಿ ಹಿಡಿದು ನೋಡಿದರೆ ರಾತ್ರಿ ಸುಖವಾಗಿ ನಿದ್ದೆ ಮಾಡಿ ಬಂದವರೂ ತಪ್ಪುತ್ತಾರೆ. ಮೇಲಾಗಿ ಎರಡು ಲಾಟ್ ಒಟ್ಟಿಗೆ ಹಾಸಿದ ಮೇಲೂ ನಂಬರಿಂಗ್ ಸರಿಯಿದ್ದಿದ್ದರೆ ಒಂದು ಪದರದ ಭಾಗ ಇನ್ನೊಂದು ಪದರದ ಭಾಗದೊಂದಿಗೆ ಸೇರುತ್ತಿರಲಿಲ್ಲ. ಅಂದರೆ ತಪ್ಪು ಹಲವು ಕೈ ದಾಟಿ ಹೋಗಿದೆ, ಹೆಸರು ಉಳಿದದ್ದು ನಿಮ್ಮದು. ತನಿಖೆಯಲ್ಲಿ ಇದು ಬಂದಿತೇ? ಬಂದಿರದಿದ್ದರೆ ಮುಂದಿನ ಸಲವೂ ಅದೇ ಆಗುತ್ತದೆ, ಆ ಕುರ್ಚಿಯಲ್ಲಿ ಯಾರೇ ಕೂತಿರಲಿ.

ಈಗ ಮೊದಲಿಗೆ ಬಾಕಿ ಉಳಿಸಿದ ಕಾರಣ, ಕೆಳಗಿನಿಂದ ಹತ್ತಿ ಬಂದವರಲ್ಲಿ ಈ ದೂರು ಹೆಚ್ಚೇಕೆ ಎಂಬುದು. ಒಂದು ವಾರ ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಯಾರು ಬಂದರು, ಎಷ್ಟು ಗಂಟೆಗೆ, ಏನು ಕೇಳಿದರು, ಅವರಿಗೆ ಉತ್ತರ ಮೊದಲೇ ಗೊತ್ತಿತ್ತೇ, ಈ ನಾಲ್ಕನ್ನು ಗೀಚಿ. ಕೊನೆಯ ಕಾಲಮ್ಮಿನಲ್ಲಿ ‘ಗೊತ್ತಿತ್ತು’ ಎಂಬುದೇ ತುಂಬಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅವರು ಬರುವುದು ಹೊಣೆ ಇಳಿಸಲು. ‘ಮೇಡಂ ಹೇಳಿದರು’ ಎಂಬ ಎರಡು ಪದ ಸಿಕ್ಕಿದರೆ ಸಾಕು, ನಾಳೆ ಏನಾದರೂ ಆದರೆ ಅವರ ತಲೆ ಉಳಿಯುತ್ತದೆ. ಇನ್ನೊಂದು ಪಾಲು ನಿಮ್ಮದು. ಚೆಕರ್ ಟೇಬಲ್‌ನಿಂದ ಬಂದ ನಿಮಗೆ ಯಾವ ಆಪರೇಷನ್‌ನಲ್ಲಿ ಯಾವ ತೊಂದರೆ ಬರುತ್ತದೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಓದಿ ನೇರವಾಗಿ ಬಂದ ಮ್ಯಾನೇಜರ್‌ಗೆ ಅದು ಗೊತ್ತಿರುವುದಿಲ್ಲ, ಆದ್ದರಿಂದ ಅವರು ‘ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ. ನೀವು ಹೇಳಿಬಿಡುತ್ತೀರಿ. ತಕ್ಷಣ ಸರಿಯಾದ ಉತ್ತರ ಕೊಡುವವರು ಒಬ್ಬರು ಫ್ಲೋರಿನಲ್ಲಿ ಓಡಾಡುತ್ತಿದ್ದರೆ ಉಳಿದವರು ತಲೆ ಕೆಡಿಸಿಕೊಳ್ಳುವುದೇಕೆ? ಈ ಕುರ್ಚಿಗೆ ನಿಮ್ಮನ್ನು ತಂದ ಗುಣವೇ ಈಗ ನಿಮ್ಮನ್ನು ಅರೆಯುತ್ತಿದೆ. ಉತ್ತರ ಕೊಟ್ಟಾಗ ಸಿಗುವ ಸಣ್ಣ ಹೆಮ್ಮೆಯನ್ನು ಬಿಟ್ಟುಕೊಡುವುದು ನೀವು ಅಂದುಕೊಂಡದ್ದಕ್ಕಿಂತ ಕಷ್ಟ ಎಂದು ಮುಂಚಿತವಾಗಿ ಹೇಳಿಡುತ್ತೇನೆ.

ಏನು ಮಾಡಬಹುದು? ನಿಮ್ಮ ಫ್ಲೋರಿನಲ್ಲೇ ಒಂದು ಮಾದರಿ ಇದೆ. ಸೂಜಿ ಮುರಿದರೆ ಏನು ಮಾಡಬೇಕೆಂದು ಯಾರಾದರೂ ನಿಮ್ಮ ಹತ್ತಿರ ಬರುತ್ತಾರೆಯೇ? ಇಲ್ಲ. ಮುರಿದ ಚೂರುಗಳನ್ನೆಲ್ಲ ಹುಡುಕಿ, ಸೂಜಿ ಪೂರ್ತಿ ಸಿಕ್ಕಿದೆಯೇ ನೋಡಿ, ರಿಜಿಸ್ಟರಿನಲ್ಲಿ ಅಂಟಿಸಿ, ಹೊಸದನ್ನು ಪಡೆಯಬೇಕು. ಚೂರು ಸಿಗದಿದ್ದರೆ ಆ ಪೀಸ್‌ಗಳನ್ನು ಬೇರೆ ಇಡಬೇಕು. ಒಂದು ತುಂಡು ಲೋಹ ಮಗುವಿನ ಅಂಗಿಯಲ್ಲಿ ಉಳಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಆದರೂ ಅಷ್ಟು ಗಂಭೀರ ವಿಷಯ ಮ್ಯಾನೇಜರ್‌ವರೆಗೆ ಬರದೆ ದಿನವೂ ಇತ್ಯರ್ಥವಾಗುತ್ತದೆ. ನಿರ್ಧಾರವನ್ನು ಒಮ್ಮೆ ಮಾಡಿ ಬರೆದಿಟ್ಟಿದ್ದಾರೆ ಎಂಬುದೇ ಕಾರಣ. ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತುಮಾಡಿಕೊಂಡವರು ಆ ಕೆಲಸವನ್ನು ನಿಜಕ್ಕೂ ಮಾಡಿ ಮುಗಿಸುವ ಸಾಧ್ಯತೆ ಹೆಚ್ಚು ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ವರ್ಷಗಟ್ಟಲೆ ತೋರಿಸುತ್ತಾ ಬಂದಿದ್ದಾರೆ. ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಎತ್ತಿಕೊಳ್ಳಿ. ಒಂದು ಲೈನಿನಲ್ಲಿ ಇಷ್ಟು ಜನರವರೆಗೆ ರಜೆಯನ್ನು ಸೂಪರ್‌ವೈಸರ್ ಕೊಡಬಹುದು. ಮಷೀನು ಇಷ್ಟು ನಿಮಿಷದಲ್ಲಿ ಸರಿಯಾಗದಿದ್ದರೆ ಮೆಕ್ಯಾನಿಕ್ ಬದಲಿ ಮಷೀನು ಹಾಕಬೇಕು, ಕೇಳುವುದು ಬೇಡ. ಹೀಗೆ.

ಇದರ ಅಪಾಯ ರಜೆಯಲ್ಲೇ ಮೊದಲು ಕಾಣಿಸುತ್ತದೆ. ಲೈನಿನಲ್ಲಿ ಕೂತವರು ಹೆಚ್ಚಿನವರು ಹೆಣ್ಣುಮಕ್ಕಳು, ಸೂಪರ್‌ವೈಸರ್‌ಗೆ ಬೇಕಾದವರಿಗೆ ರಜೆ, ಬೇಡವಾದವರಿಗೆ ಬೈಗುಳ ಎಂದಾಗಬಹುದು. ಮಗುವಿಗೆ ಜ್ವರ ಬಂದವಳಿಗೆ ‘ಕೋಟಾ ಮುಗಿಯಿತು’ ಎನ್ನುವ ನಿಯಮ ಕ್ರೂರವೂ ಆಗುತ್ತದೆ. ಅದಕ್ಕೆ ಎರಡು ಕಿಂಡಿ ಬಿಡಿ. ನಿಯಮ ಮೀರಿ ರಜೆ ಕೊಡುವ ಅಧಿಕಾರ ಸೂಪರ್‌ವೈಸರ್‌ಗೂ ಇರಲಿ, ಕಾರಣ ಬರೆದರೆ ಸಾಕು. ನಿರಾಕರಿಸಿದ್ದರ ಪಟ್ಟಿ ಮಾತ್ರ ವಾರಕ್ಕೊಮ್ಮೆ ನಿಮ್ಮ ಮುಂದೆ ಬರಲಿ.

ನಿಯಮಕ್ಕೆ ಸಿಗದ, ಆದರೆ ನಿಮ್ಮವರೆಗೆ ಬರಬೇಕಿಲ್ಲದ ನಿರ್ಧಾರಗಳನ್ನು ಹೆಸರಿಟ್ಟು ಬಿಟ್ಟುಕೊಡಬೇಕು. ಇಂಥವರು ಇಂಥ ಮಿತಿಯವರೆಗೆ ಎಂದು ಬರೆದು, ಸಹಿ ಮಾಡಿಸಿ. ಬಾಯಿಮಾತಿನ ಅಧಿಕಾರ ಮೊದಲ ತಪ್ಪಿಗೇ ಆವಿಯಾಗುತ್ತದೆ. ತಪ್ಪು ಆಗಿಯೇ ತೀರುತ್ತದೆ. ಆ ಮೊದಲ ತಪ್ಪಿನ ದಿನ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಲೈನಿನ ಮುಂದೆ ನಿಲ್ಲಿಸಿ ಬೈದರೆ ಮಾರನೆಯ ಬೆಳಿಗ್ಗೆ ಎಂಟೂ ಲೈನಿನ ಪ್ರಶ್ನೆಗಳು ನಿಮ್ಮ ಮೇಜಿಗೆ ಮರಳುತ್ತವೆ. ಆಗ ಬೈಯದಿರಲು ಬೇಕಾದ ತಾಳ್ಮೆಯನ್ನು ಮಾತ್ರ ಬೇರೆಯವರಿಗೆ ವಹಿಸಲು ಬರುವುದಿಲ್ಲ. ಬಿಟ್ಟುಕೊಡಬಾರದ ವಿಷಯಗಳೂ ಇವೆ. ಸುರಕ್ಷತೆ, ಯಾರದಾದರೂ ಸಂಬಳಕ್ಕೆ ಕತ್ತರಿ ಹಾಕುವುದು, ಕೆಲಸದಿಂದ ತೆಗೆಯುವುದು. ಇನ್ನು ಲೈಂಗಿಕ ಕಿರುಕುಳದ ದೂರು ಬಂದರೆ ಅದು ನೀವು ಫ್ಲೋರಿನಲ್ಲಿ ನಿಂತು ‘ಮಾತಾಡಿ ಮುಗಿಸುವ’ ವಿಷಯವೇ ಅಲ್ಲ. 2013ರ ಕಾಯ್ದೆಯಂತೆ ಅದು ಕಾರ್ಖಾನೆಯ ಆಂತರಿಕ ಸಮಿತಿಗೆ ಹೋಗಬೇಕು. ಎಲ್ಲವನ್ನೂ ತನ್ನ ತಲೆಯ ಮೇಲೆ ಹೊರುವ ಮ್ಯಾನೇಜರ್‌ಗಳು ಇದನ್ನೂ ಹೊತ್ತುಕೊಂಡು ಕಷ್ಟಕ್ಕೆ ಸಿಕ್ಕಿದ್ದನ್ನು ಬಲ್ಲೆ.

ಹೊತ್ತಿನ ಪ್ರಶ್ನೆ ನಿಮ್ಮ ಮಟ್ಟಿಗೆ ಬಹಳ ಮುಖ್ಯ. ಅಮೆಜಾನ್‌ನ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ 2015ರ ಸಾಲಿನ ಪತ್ರದಲ್ಲಿ ನಿರ್ಧಾರಗಳನ್ನು ಎರಡು ಜಾತಿ ಮಾಡಿದ್ದರು. ಒಳಹೋದ ಮೇಲೆ ವಾಪಸು ಬರಲಾಗದ ಬಾಗಿಲು, ಬಂದಷ್ಟೇ ಸುಲಭವಾಗಿ ಹಿಂದಿರುಗಬಹುದಾದ ಬಾಗಿಲು. ಮೊದಲನೆಯದನ್ನು ನಿಧಾನವಾಗಿ, ಎರಡನೆಯದನ್ನು ಬೇಗ ಮತ್ತು ಕೆಳಹಂತದಲ್ಲೇ ಮಾಡಬೇಕು ಎಂಬುದು ಅವರ ವಾದ. ಗಾರ್ಮೆಂಟ್ಸ್‌ನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಿ ಆಲ್ಟರೇಷನ್ ಮಾಡಬಹುದು, ಕತ್ತರಿ ಬಿದ್ದ ಬಟ್ಟೆಯನ್ನು ಜೋಡಿಸಲಾಗದು. ಆದ್ದರಿಂದ ಕಟಿಂಗ್ ಒಪ್ಪಿಗೆ ಬೆಳಗಿನ ಹೊತ್ತಿಗೆ ಸೇರಿದ್ದು. ಸಂಜೆ ನಾಲ್ಕರ ನಂತರ ಬಂದ ಕಟಿಂಗ್ ಕೋರಿಕೆಗೆ ಉತ್ತರ ಮೊದಲೇ ಬರೆದಿರಲಿ: ಬೇಡ. ಬೇಕೇಬೇಕೆಂದರೆ ಲೈಟ್‌ಬಾಕ್ಸ್‌ನಲ್ಲಿ ನೋಡಿ ಕ್ವಾಲಿಟಿಯವರು ಸಹಿ ಹಾಕಿದ ಮೇಲಷ್ಟೇ ನಿಮ್ಮ ಸಹಿ. ಆಗ ‘ಬೇಡ’ ಎಂಬುದೇ ಸುಲಭದ ದಾರಿಯಾಗುತ್ತದೆ, ‘ಹೂಂ’ ಎನ್ನಬೇಕಾದರೆ ನಾಲ್ಕು ಹೆಜ್ಜೆ ನಡೆಯಬೇಕಾಗುತ್ತದೆ. ದಣಿದ ನಿಮ್ಮನ್ನು ದಣಿವೇ ಕಾಯುವಂತೆ ಮಾಡುವ ಉಪಾಯ ಇದು. ಇದರ ಬೆಲೆಯೂ ಇದೆ: ಕೆಲವು ಬೆಳಿಗ್ಗೆ ಲೈನಿಗೆ ಫೀಡಿಂಗ್ ಇರುವುದಿಲ್ಲ, ಶಿಪ್‌ಮೆಂಟ್ ವಾರದಲ್ಲಿ ಮೇಲಿನವರ ಮುಖ ಕೆಂಪಾಗುತ್ತದೆ. ಆ ಮಾತುಕತೆಯನ್ನು ಶಿಪ್‌ಮೆಂಟ್ ಇಲ್ಲದ ವಾರದಲ್ಲೇ ಮುಗಿಸಿಕೊಂಡಿರಿ.

ಮಧ್ಯೆ ಮಧ್ಯೆ ತಡೆಯುವುದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಸಿಕ್ಕಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿ, ಸೂಪರ್‌ವೈಸರ್‌ಗಳ ಪ್ರಶ್ನೆಗಳೆಲ್ಲ ಆಗಲೇ ಬರಲಿ. ಬೆಂಕಿ, ಗಾಯ, ಲೈನ್ ಪೂರ್ತಿ ನಿಲ್ಲುವುದು, ಇವಕ್ಕೆ ಹೊತ್ತಿಲ್ಲ. ಕಾದು ಕೇಳಬೇಕು ಎಂದಾದ ಕೂಡಲೇ ಎಷ್ಟೋ ಪ್ರಶ್ನೆಗಳು ದಾರಿಯಲ್ಲೇ ತಮ್ಮಷ್ಟಕ್ಕೆ ಬಗೆಹರಿಯುತ್ತವೆ. ನಿಮಗೆ ಮೊದಲ ಕೆಲವು ದಿನ ‘ನನ್ನನ್ನು ಯಾರೂ ಕೇಳುತ್ತಿಲ್ಲ’ ಎಂಬ ಕಸಿವಿಸಿ ಆಗುತ್ತದೆ, ಆಗಲಿ.

ಬಿಡುವು ಮತ್ತು ನಿದ್ದೆ. ಕಾರ್ಮಿಕರನ್ನು ಐದು ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಬರೆದಿತ್ತು. ಆ ಅರ್ಧ ಗಂಟೆ ಟೈಲರ್‌ಗೆ ಸಿಗುತ್ತದೆ, ಮ್ಯಾನೇಜರ್ ಆ ಹೊತ್ತಿನಲ್ಲಿ ರಿಪೋರ್ಟ್ ತುಂಬುತ್ತಾರೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಚುರುಕುತನದ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದಿಂದಲೇ ಅಧ್ಯಯನಗಳು ಹೇಳಿವೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ ಶೇ 0.03. ನಸುಕಿನಲ್ಲಿ ನಾಲ್ಕೂವರೆಗೆ ಎದ್ದು ಬುತ್ತಿ ಕಟ್ಟುವ ಮನೆಯಾದರೆ ರಾತ್ರಿ ಒಂಬತ್ತೂವರೆಗೆ 17 ಗಂಟೆ ತುಂಬುತ್ತದೆ. ಆ ಹೊತ್ತಿನಲ್ಲಿ ಫ್ಯಾಕ್ಟರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾಳೆಯ ಲೈನ್ ಪ್ಲ್ಯಾನ್‌ಗೆ ಒಪ್ಪಿಗೆ ಕೊಡಬೇಡಿ. ಅಡುಗೆಯನ್ನು ಮಗಳು, ಮನೆಯ ಗಂಡಸರು ಭಾನುವಾರ ಕೂತು ವಾರಕ್ಕೆಲ್ಲ ಗೊತ್ತುಮಾಡಲಿ. ‘ಏನು ಮಾಡಲಿ’ ಎಂದು ಕೇಳುವವರು ಮನೆಯಲ್ಲೂ ನಿಮ್ಮ ಸೂಪರ್‌ವೈಸರ್‌ಗಳು ಮಾಡುವುದನ್ನೇ ಮಾಡುತ್ತಿದ್ದಾರೆ, ಪ್ರೀತಿಯಿಂದಲೇ ಮಾಡುತ್ತಿದ್ದಾರೆ ಎನ್ನಿ.

ನಿಮಗೆ ಧೈರ್ಯ ಕೊಡಬಹುದಾದ ಒಂದು ಸಂಶೋಧನೆಯನ್ನು ಹೇಳುತ್ತೇನೆ. ಸಂಶೋಧಕರಾದ ಕೃಷ್ಣ ಸವಾನಿ ಮತ್ತು ವೆರೋನಿಕಾ ಯೋಬ್ 2017ರಲ್ಲಿ ಭಾರತೀಯರ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಮನಸ್ಸನ್ನು ಬಿಗಿಹಿಡಿಯುವ ಕಷ್ಟದ ಕೆಲಸ ಮಾಡಿದವರು ಮುಂದಿನ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡಿದ್ದು ಕಂಡುಬಂತು. ಮನೋನಿಗ್ರಹ ಮನಸ್ಸಿಗೆ ಕಸುವು ತುಂಬುತ್ತದೆ ಎಂದು ನಂಬುವವರು ನಮ್ಮಲ್ಲಿ ಹೆಚ್ಚು ಎಂಬುದು ಅವರು ಕೊಟ್ಟ ವಿವರಣೆ. ಹಾಗೆಂದು ದಣಿವನ್ನು ನಂಬಿಕೆಯಿಂದ ಓಡಿಸಬಹುದು ಎಂದು ಯಾರಾದರೂ ನಿಮ್ಮ ಕಾರ್ಖಾನೆಗೆ ಬಂದು ಭಾಷಣ ಮಾಡಿದರೆ ನಂಬಬೇಡಿ. ಇಂಥ ಭಾಷಣಕ್ಕೆ ನನ್ನನ್ನೂ ಕರೆಯುತ್ತಾರೆ. ಮೊದಲು ಕೆಲಸದ ಹಂಚಿಕೆ ತೋರಿಸಿ ಎಂದರೆ ಮತ್ತೆ ಫೋನ್ ಬರುವುದು ಕಡಿಮೆ.

ದೇಹವನ್ನು ಬಿಟ್ಟು ಮಾತು ಮುಗಿಸುವಂತಿಲ್ಲ. 43ರ ವಯಸ್ಸಿನಲ್ಲಿ ಮಧ್ಯಾಹ್ನದ ಮಂಕು, ಸಿಡುಕು, ಮರೆವು ಎಲ್ಲವನ್ನೂ ಕೆಲಸದ ತಲೆಗೆ ಕಟ್ಟುವುದು ತಪ್ಪು. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸಿ. ಮುಟ್ಟಿನಲ್ಲಿ ಏರುಪೇರು, ರಾತ್ರಿ ಬೆವರುವುದು, ಜೋರಾದ ಗೊರಕೆ ಇದ್ದರೆ ವೈದ್ಯರಿಗೆ ಹೇಳಿ. ಕೆಲಸ ಸಂಬಂಧಿ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಔದ್ಯೋಗಿಕ ವಿದ್ಯಮಾನ ಎಂದು ವಿವರಿಸಿದೆ, ಕಾಯಿಲೆ ಎಂದು ಹೇಳಿಲ್ಲ. ಖಿನ್ನತೆ ಕಾಯಿಲೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಭಾನುವಾರವೂ ಯಾವುದರಲ್ಲೂ ಆಸಕ್ತಿ ಬರದಿದ್ದರೆ, ಬದುಕೇ ಬೇಡವೆನ್ನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಇನ್ನು ಹುದ್ದೆ ಬಿಡುವ ಪ್ರಶ್ನೆ. ಹಿಂದಿನ ಕೆಲಸಕ್ಕೆ ಹೋಗುವುದು ಸೋಲಲ್ಲ, ಕೆಲವರು ಹಾಗೆ ಹೋಗಿ ನೆಮ್ಮದಿಯಾಗಿದ್ದಾರೆ. ಆದರೆ ಅದು ವಾಪಸು ಬರಲು ಕಷ್ಟವಾದ ಬಾಗಿಲು. ಸಂಬಳ ಇಳಿಯುತ್ತದೆ, ಮುಂದಿನ ಸಲ ನಿಮ್ಮ ಹೆಸರು ಪಟ್ಟಿಯಲ್ಲಿ ಬರುವುದು ಕಷ್ಟ, ಜೊತೆಗೆ ನಿಮ್ಮ ಜಾಗಕ್ಕೆ ಬಂದ ಹೊಸ ಮ್ಯಾನೇಜರ್ ಕೈಕೆಳಗೆ ಅದೇ ಗದ್ದಲದಲ್ಲಿ ನೀವೇ ನಿಲ್ಲಬೇಕು. ಆ ನಿರ್ಧಾರವನ್ನು ಈಗಿನ ದಣಿವಿನಲ್ಲಿ ಮಾಡಬೇಡಿ.

ಅದಕ್ಕಿಂತ ಮೊದಲು ಫ್ಯಾಕ್ಟರಿ ಮ್ಯಾನೇಜರ್ ಹತ್ತಿರ ಒಂದು ಹಾಳೆ ತೆಗೆದುಕೊಂಡು ಹೋಗಿ, ಮಧ್ಯಾಹ್ನ ಹನ್ನೆರಡರೊಳಗೆ. ‘ನನಗೆ ಒತ್ತಡವಾಗುತ್ತಿದೆ’ ಎಂದು ಮಾತು ಶುರು ಮಾಡಿದರೆ ಅವರು ಸಮಾಧಾನ ಹೇಳಿ ಕಳುಹಿಸುತ್ತಾರೆ. ಆ ಸಂಜೆಯ ರೀಕಟ್ಟಿನ ಬಟ್ಟೆ, ಓಟಿ, ಸಾಗಣೆಯ ಖರ್ಚನ್ನು ಹಾಳೆಯ ತಲೆಯಲ್ಲಿ ಬರೆದಿರಿ. ಅದರ ಕೆಳಗೆ ಮೂರು ಬೇಡಿಕೆ: ಯಾರು ಎಷ್ಟರವರೆಗೆ ನಿರ್ಧರಿಸಬಹುದು ಎಂಬ ಒಂದು ಪುಟದ ಆದೇಶ, ಅವರ ಸಹಿಯೊಂದಿಗೆ; ಕಟಿಂಗ್ ಮತ್ತು ಶೇಡ್ ವಿಷಯದಲ್ಲಿ ‘ಬೇಡ’ ಎನ್ನುವ ಅಧಿಕಾರ ಕ್ವಾಲಿಟಿ ವಿಭಾಗದ ಒಬ್ಬರಿಗೆ; ನಿಮ್ಮ ಕೈಕೆಳಗೆ ಒಬ್ಬ ಸಹಾಯಕ ಮ್ಯಾನೇಜರ್, ಅಥವಾ ಇರುವ ಫ್ಲೋರ್ ಇನ್‌ಚಾರ್ಜ್‌ಗಳಲ್ಲೇ ಒಬ್ಬರಿಗೆ ಆ ಜವಾಬ್ದಾರಿ ಮತ್ತು ಅದಕ್ಕೆ ತಕ್ಕ ಸಂಬಳ. ಮೂರರಲ್ಲಿ ಹಣ ಬೇಡುವುದು ಕೊನೆಯದು ಮಾತ್ರ, ಅದನ್ನು ಮುಂದಕ್ಕೆ ಹಾಕಿದರೂ ಮೊದಲೆರಡನ್ನು ಬಿಡಬೇಡಿ. ಮೂರು ತಿಂಗಳ ನಂತರದ ಒಂದು ತಾರೀಖನ್ನೂ ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಅಷ್ಟರಲ್ಲಿ ಏನೂ ಬದಲಾಗದಿದ್ದರೆ, ಫ್ಲೋರ್ ಇನ್‌ಚಾರ್ಜ್ ಹುದ್ದೆಯ ಜೊತೆಗೆ ಬೇರೆ ಕಾರ್ಖಾನೆಗಳ ಬಾಗಿಲನ್ನೂ ನೋಡಿ. ಚೆಕರ್ ಟೇಬಲ್‌ನಿಂದ ಪ್ರೊಡಕ್ಷನ್‌ವರೆಗೆ ಎಲ್ಲ ಕೆಲಸ ಬಲ್ಲವರನ್ನು ಹುಡುಕುವ ಘಟಕಗಳು ನಿಮ್ಮ ಸುತ್ತಮುತ್ತಲೇ ಇವೆ.